ನೋಡುವವನ ಪಾಲು

ಒಂದು ಕರ್ಮದ ಫಲದಲ್ಲಿ ಮಾಡಿದವನಿಗೆ ಮಾತ್ರವೇ ಅಲ್ಲದೆ ಮಾಡಿಸಿದವನಿಗೂ, ಪ್ರೇರಿಸಿದವನಿಗೂ, ಅನುಮೋದಿಸಿದವನಿಗೂ ಪಾಲುಂಟೆಂಬುದು ನಮ್ಮ ಹಿರಿಯರ ಮತ. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಮೊದಲಿನ ಮೂವರ ವಿಷಯದಲ್ಲಿ ನಮಗೆ ಸಂದೇಹವೇ ಹುಟ್ಟುತ್ತಿರಲಿಲ್ಲ. ನಾಲ್ಕನೆಯವನು ಮಾತ್ರ ತೊಡಕಾಗಿ ಕಾಣುತ್ತಿದ್ದನು. ಸುಮ್ಮನೆ ಕುಳಿತು ನೋಡಿ, ಮೆಚ್ಚಿ, ತಲೆದೂಗಿದವನು ಏನು ಮಾಡಿದಂತಾಯಿತು? ಅವನ ಕೈ ಯಾವುದನ್ನೂ ಮುಟ್ಟಲಿಲ್ಲ. ಅವನ ಬಾಯಿ ಯಾರಿಗೂ ಅಪ್ಪಣೆ ಕೊಡಲಿಲ್ಲ. ಈ ಹಳೆಯ ಪ್ರಶ್ನೆಯನ್ನು ಒಂದು ಹೊಸ ಆಟದ ವಿಷಯದಲ್ಲಿ ಎತ್ತಿ ನೋಡಬೇಕೆಂಬುದು ನನ್ನ ಉದ್ದೇಶ. ಆ ಆಟವು ತೆರೆದ ಚಕ್ರಗಳ ಮೋಟಾರು ಪಂದ್ಯ. ಫಾರ್ಮುಲಾ ವನ್ ಎಂದೂ ಇಂಡಿಕಾರ್ ಎಂದೂ ಪ್ರಸಿದ್ಧವಾದುದು.

ಇದು ನಮಗೇಕೆಂದು ಕೆಲವರು ಕೇಳಬಹುದು. ಇದು ಪರದೇಶದ ಧನಿಕರ ವಿನೋದವೆಂದು ತಳ್ಳಿಹಾಕುವ ಕಾಲ ಕಳೆದುಹೋಯಿತು. ಭಾನುವಾರದ ಸಂಜೆ ನಮ್ಮ ಮನೆಗಳ ನಡುಮನೆಯಲ್ಲಿಯೇ ತರುಣರು ಈ ಓಟವನ್ನು ಎವೆಯಿಕ್ಕದೆ ನೋಡುತ್ತಿರುತ್ತಾರೆ. ಬೆಂಗಳೂರಿನವರಾದ ಕುಶ್ ಮೈನಿ 2025ರಲ್ಲಿ ಮೊನಾಕೊ ಪಟ್ಟಣದಲ್ಲಿ ಫಾರ್ಮುಲಾ ಟೂ ವರ್ಗದ ಕಿರುಪಂದ್ಯವನ್ನು ಗೆದ್ದ ಮೇಲಂತೂ ಅವರ ಉತ್ಸಾಹಕ್ಕೆ ಎಣೆಯಿಲ್ಲ. ನನ್ನ ಮೊಮ್ಮಗನೇ ಈ ವಿದ್ಯೆಯಲ್ಲಿ ನನಗೆ ಉಪಾಧ್ಯಾಯ. ಪಾಠ ಹೇಳುವಾಗ ನನಗಿದ್ದುದಕ್ಕಿಂತ ಹೆಚ್ಚಿನ ತಾಳ್ಮೆ ಅವನಿಗಿದೆ. 2026ರ ನಿಯಮಗಳಂತೆ ಗಾಡಿಯ ಶಕ್ತಿಯಲ್ಲಿ ಸುಮಾರು ಅರ್ಧಪಾಲು ವಿದ್ಯುತ್ತಿನಿಂದ ಬರಬೇಕೆಂಬುದು ಸರಿಯೋ ತಪ್ಪೋ ಎಂಬ ವಾದವನ್ನು ಅವನೂ ಅವನ ಗೆಳೆಯರೂ ನಡೆಸುವ ರೀತಿಯನ್ನು ಕಂಡರೆ, ವಾಕ್ಯಾರ್ಥಸಭೆಗಳು ಸಂಪೂರ್ಣವಾಗಿ ಅಳಿದಿಲ್ಲವೆಂದು ತೋರುತ್ತದೆ.

ಸಾಮಾನ್ಯವಾದ ಕಾರಿನ ಚಕ್ರಗಳ ಮೇಲೆ ತಗಡಿನ ಮರೆಯಿರುತ್ತದೆ. ಈ ಗಾಡಿಗಳಲ್ಲಿ ನಾಲ್ಕು ಚಕ್ರಗಳೂ ಮೈಯಿಂದ ಹೊರಕ್ಕೆ ಚಾಚಿಕೊಂಡಿರುತ್ತವೆ. ಓಡುವಾಗ ಮುಂದಿನ ಗಾಡಿಯ ಹಿಂಚಕ್ರದ ಹಿಂಬದಿಯು ಮೇಲ್ಮುಖವಾಗಿ ತಿರುಗುತ್ತಿರುತ್ತದೆಯಷ್ಟೆ. ಬೆನ್ನಟ್ಟಿ ಬಂದ ಗಾಡಿಯ ಮುಂಚಕ್ರವು ಅದಕ್ಕೆ ತಾಗಿತೆಂದರೆ, ಚೆಂಡನ್ನು ಚಿಮ್ಮಿದಂತೆ ಆ ಗಾಡಿಯನ್ನು ಅದು ಆಕಾಶಕ್ಕೆ ಚಿಮ್ಮಿಬಿಡುತ್ತದೆ. ನಡೆಸುವವನ ತಲೆಯೋ, ಬಹುಕಾಲದವರೆಗೆ ಬಯಲಿನಲ್ಲಿಯೇ ಇದ್ದಿತು. ಆದುದರಿಂದ ಈ ಪಂದ್ಯದ ಅಪಾಯವು ಹೊರಗಿನಿಂದ ಬಂದು ಸೇರಿದ ಆಕಸ್ಮಿಕವಲ್ಲ. ಗಾಡಿಯ ಆಕಾರದಲ್ಲಿಯೇ ಅದು ಅಡಗಿದೆ.

2011ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕೆಯ ಲಾಸ್ ವೇಗಸ್ ನಗರದಲ್ಲಿ ಇಂಡಿಕಾರ್ ವರ್ಷದ ಕೊನೆಯ ಪಂದ್ಯ ನಡೆಯಿತು. ಒಂದೂವರೆ ಮೈಲಿಯ ಅಂಡಾಕಾರದ ಪಥ, 34 ಗಾಡಿಗಳು. ಜನರನ್ನು ಸೆಳೆಯಲೆಂದು ವ್ಯವಸ್ಥಾಪಕರು ಒಂದು ಬಹುಮಾನವನ್ನು ಸಾರಿದ್ದರು. ಆ ವರ್ಷ ಇಂಡಿಯಾನಾಪೊಲಿಸ್ ಪಂದ್ಯವನ್ನು ಎರಡನೆಯ ಸಲ ಗೆದ್ದಿದ್ದ ಇಂಗ್ಲೆಂಡಿನ ಡಾನ್ ವೆಲ್ಡನ್ ಎಲ್ಲರಿಗಿಂತಲೂ ಹಿಂದಿನಿಂದ ಹೊರಟು ಗೆದ್ದರೆ 50 ಲಕ್ಷ ಡಾಲರು. ಅದರಲ್ಲಿ ಅರ್ಧ ವೆಲ್ಡನ್ನರಿಗೆ. ಉಳಿದ ಅರ್ಧ ಅಭಿಮಾನಿಗಳಲ್ಲಿ ಆರಿಸಿದ ಒಬ್ಬರಿಗೆ! ಹನ್ನೊಂದನೆಯ ಸುತ್ತಿನಲ್ಲಿ ಮುಂದಿದ್ದ ಗಾಡಿಗಳು ಒಂದಕ್ಕೊಂದು ತಾಗಿದುವು. ಹದಿನೈದು ಗಾಡಿಗಳು ಸಿಕ್ಕಿಬಿದ್ದುವು. ವೆಲ್ಡನ್ನರ ಗಾಡಿ ಚಕ್ರದ ಮೇಲೆ ಚಕ್ರವೇರಿ ಹಾರಿಹೋಗಿ ಬೇಲಿಗೆ ಬಡಿಯಿತು; ಬೇಲಿಯ ಕಂಬವು ಅವರ ತಲೆಗೆ ತಾಗಿತು. ಅವರಿಗೆ ಆಗ 33 ವರ್ಷ. ಪಂದ್ಯವನ್ನು ನಿಲ್ಲಿಸಿದರು. ಉಳಿದವರು ಮೃತನ ಗೌರವಾರ್ಥವಾಗಿ ಮೆಲ್ಲನೆ ಐದು ಸುತ್ತು ಬಂದರು.

ಅಪಘಾತಕ್ಕೆ ಬಹುಮಾನವೇ ಕಾರಣವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ನ್ಯಾಯವೂ ಅಲ್ಲ. ಆ ಅದೃಷ್ಟದ ಚೀಟಿ ಪಡೆದ ಅಭಿಮಾನಿಯಲ್ಲಿ ಯಾವ ದೋಷವೂ ಇಲ್ಲ. ಆದರೆ ಆ ಏರ್ಪಾಡನ್ನು ಕಂಡಾಗ ನನಗೆ ಪಾಠಶಾಲೆಯ ನಾಲ್ಕನೆಯವನು ನೆನಪಾದನು. ಗುಂಪಿನ ಹಿಂದೆ ಒಬ್ಬನನ್ನು ನಿಲ್ಲಿಸಿ, ಎಲ್ಲರನ್ನೂ ದಾಟಿ ಬಾ ಎಂದು ಹೇಳಿ, ಅವನ ಗೆಲುವಿನಲ್ಲಿ ನೋಡುವವನಿಗೆ ಸರಿಪಾಲನ್ನು ಲೆಕ್ಕಹಾಕಿ ತೋರಿಸಿದಂತಾಯಿತಲ್ಲ! ಶಾಸ್ತ್ರವು ಸೂಕ್ಷ್ಮವಾಗಿ ಸೂಚಿಸಿದುದನ್ನು ವ್ಯಾಪಾರಿಗಳು ಅಂಕೆಗಳಲ್ಲಿ ಬರೆದು ಗೋಡೆಗೆ ಅಂಟಿಸಿದರು.

ಅಭಿಮಾನಿಗಳು ಇದಕ್ಕೆ ಹೇಳುವ ಸಮಾಧಾನವನ್ನು ನಾವು ಆದರದಿಂದ ಕೇಳಬೇಕು. “ನಾವು ಸಾವನ್ನು ನೋಡಲು ಹೋಗುವುದಿಲ್ಲ, ಧೈರ್ಯವನ್ನು ನೋಡಲು ಹೋಗುತ್ತೇವೆ” ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಕಪಟವಿಲ್ಲವೆಂದೇ ನನ್ನ ನಂಬಿಕೆ. ನಮ್ಮ ಆಲಂಕಾರಿಕರೂ ವೀರ, ಭಯಾನಕ ಇವುಗಳನ್ನು ರಸಗಳೆಂದು ಒಪ್ಪಿದ್ದಾರೆ. ಆದರೆ ರಸಾಸ್ವಾದಕ್ಕೆ ಒಂದು ನಿಬಂಧನೆಯುಂಟು. ಬಯಲಾಟದಲ್ಲಿ ಅಭಿಮನ್ಯು ಬಿದ್ದಾಗ ನಾವು ಕಣ್ಣೊರಸಿಕೊಳ್ಳುತ್ತೇವೆ; ಅತ್ತ ಅಭಿಮನ್ಯುವಾದವನು ಚೌಕಿಗೆ ಹೋಗಿ ಬಣ್ಣ ತೆಗೆದು ಕಾಫಿ ಕುಡಿಯುತ್ತಿರುತ್ತಾನೆ. ನಮ್ಮ ಕಣ್ಣೀರು ಶುದ್ಧವಾಗಿರುವುದು ಆ ಕಾಫಿಯ ದೆಸೆಯಿಂದ. ಮೋಟಾರು ಪಂದ್ಯದಲ್ಲಿ ಪಾತ್ರವೂ ಪಾತ್ರಧಾರಿಯೂ ಒಬ್ಬನೇ. ಅಲ್ಲಿ ಬಿದ್ದವನು ಬಿದ್ದನು. ಹಾಗಾದರೆ ಅಲ್ಲಿ ಕುಳಿತವನು ಅನುಭವಿಸುವುದು ರಸವೆ? ಕೇವಲ ಲೌಕಿಕವಾದ ಭಯವೆ? ಎರಡೂ ಅಲ್ಲದ ಮೂರನೆಯದೊಂದೆ? ನನ್ನ ಮಟ್ಟಿಗೆ ಹೇಳುವುದಾದರೆ, ಅದು ರಸದ ವೇಷ ಹಾಕಿದ ಲೌಕಿಕ. ವೇಷವು ಎಷ್ಟು ಚೆನ್ನಾಗಿದೆಯೆಂದರೆ, ಹಾಕಿದವನಿಗೇ ಅದು ಮರೆತುಹೋಗುತ್ತದೆ.

ಈ ಮರೆವಿನ ಪರಮಾವಧಿಯನ್ನು 1973ನೆಯ ಇಸವಿ ಜುಲೈ 29ರಂದು ಹಾಲೆಂಡಿನ ಝಾಂಡ್‌ವೋರ್ಟ್ ಎಂಬಲ್ಲಿ ಜಗತ್ತು ಕಂಡಿತು. ರೋಜರ್ ವಿಲಿಯಮ್ಸನ್ ಎಂಬ 25 ವರ್ಷದ ತರುಣನಿಗೆ ಅದು ಎರಡನೆಯ ಗ್ರ್ಯಾನ್ ಪ್ರಿ. ಅವನ ಗಾಡಿ ಮಗುಚಿಬಿದ್ದು ಹೊತ್ತಿಕೊಂಡಿತು. ಅವನು ಕೆಳಗೆ ಸಿಕ್ಕಿಕೊಂಡು ಬದುಕಿಯೇ ಇದ್ದನು. ಹಿಂದಿನಿಂದ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಗಾಡಿಯನ್ನು ನಿಲ್ಲಿಸಿ, ಓಟದ ಪಥವನ್ನು ಅಡ್ಡಲಾಗಿ ದಾಟಿ ಓಡಿಬಂದು, ಒಬ್ಬನೇ ಆ ಗಾಡಿಯನ್ನು ಎತ್ತಲು ಹೆಣಗಿದನು. ಅಲ್ಲಿದ್ದ ಕಾವಲುಗಾರರಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ. ಅವರು ಹತ್ತಿರ ಬರಲಾಗದೆ ನಿಂತರು. ಬೆಂಕಿಯನ್ನು ದಾಟಿ ಹೋಗುತ್ತಿದ್ದ ಇತರ ಸ್ಪರ್ಧಿಗಳು ಪರ್ಲಿಯನ್ನು ಕಂಡು, ಗಾಡಿಯವನು ಪಾರಾಗಿ ಹೊರಗೆ ನಿಂತಿದ್ದಾನೆಂದು ಭಾವಿಸಿದರು. ಪಂದ್ಯ ನಿಲ್ಲಲೇ ಇಲ್ಲ. ಹೊಗೆಯ ನಡುವೆ ಸುತ್ತಿನ ಮೇಲೆ ಸುತ್ತು ನಡೆಯಿತು. ಗೆದ್ದವನಿಗೆ ಬಹುಮಾನವೂ ದೊರೆಯಿತು. ಪರ್ಲಿಗೆ ಆಮೇಲೆ ಇಂಗ್ಲೆಂಡಿನ ಸರ್ಕಾರವು ಜಾರ್ಜ್ ಪದಕವನ್ನು ಕೊಟ್ಟಿತು.

ಆ ದಿನದ ವೃತ್ತಾಂತದಲ್ಲಿ ಜನರು ಅಷ್ಟಾಗಿ ಹೇಳದ ಒಂದು ಸಂಗತಿಯಿದೆ. ನೋಡುತ್ತಿದ್ದವರಲ್ಲಿ ಕೆಲವರು ತಡೆಯಲಾರದೆ ಬೇಲಿಯನ್ನು ಹಾರಿ ಸಹಾಯಕ್ಕೆ ನುಗ್ಗಿದರು. ಕಾವಲಿನವರು ನಾಯಿಗಳನ್ನು ಮುಂದಿಟ್ಟುಕೊಂಡು ಅವರನ್ನು ಹಿಂದಕ್ಕೆ ತಳ್ಳಿದರು. ಅವರೂ ಉಳಿದವರಂತೆಯೇ ಚೀಟಿ ಕೊಂಡು ಬಂದವರು. ಅದೇ ವೇಗವನ್ನು ಮೆಚ್ಚಿ, ಅದೇ ಗದ್ದಲಕ್ಕೆ ತಲೆದೂಗಿದ್ದವರು. ಗಳಿಗೆಯ ಹಿಂದೆ ಅನುಮೋದಕರಾಗಿದ್ದವರು ಮರುಗಳಿಗೆಯಲ್ಲಿ ಬೇಲಿಯ ಮೇಲಿದ್ದರು. ಹೀಗಿರುವಲ್ಲಿ ನೋಡುವವರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಹೇಗೆ? ಶಾಸ್ತ್ರದ ಮಾತು ಸರಿಯೆ. ಆದರೆ ಅನುಮೋದನೆಯೆಂಬುದು ಕಣ್ಣಿನ ಕೆಲಸವಲ್ಲ, ಬಯಕೆಯ ಕೆಲಸ. ಇವನು ಏನನ್ನು ಬಯಸಿ ನೋಡುತ್ತಾನೆಂಬುದನ್ನು ಮೊದಲು ಕೇಳಬೇಕು.

ಆ ಬಯಕೆಯನ್ನು ಒರೆಗೆ ಹಚ್ಚುವ ಸಂದರ್ಭವೊಂದು ಈಚೆಗೆ ಒದಗಿತು. 2018ರಿಂದ ಫಾರ್ಮುಲಾ ವನ್ ಗಾಡಿಗಳಲ್ಲಿ ನಡೆಸುವವನ ತಲೆಯ ಸುತ್ತ ಟೈಟೇನಿಯಮ್ ಲೋಹದ ಕಮಾನೊಂದನ್ನು ಕಡ್ಡಾಯ ಮಾಡಿದರು. ಅದಕ್ಕೆ ಹೇಲೋ ಎಂದು ಹೆಸರು. ದೇವರ ಪಟದಲ್ಲಿ ಶಿರಸ್ಸಿನ ಹಿಂದೆ ಇರುವ ಪ್ರಭೆಯೆಂದು ಅರ್ಥ. ಅಭಿಮಾನಿಗಳಲ್ಲಿ ಬಹುಮಂದಿ ಇದನ್ನು ಹಳಿದರು. ವಿಕಾರವಾಗಿದೆ, ಈ ಪಂದ್ಯದ ಜೀವಾಳವೇ ಹೋಯಿತು, ಇನ್ನು ಗೋಣಿಚೀಲ ಹೊದಿಸಿ ಓಡಿಸಲಿ ಎಂಬಂತಹ ಮಾತುಗಳು ಹೊರಟವು. ಸ್ಪರ್ಧಿಗಳಲ್ಲಿಯೂ ಕೆಲವರು ಆಕ್ಷೇಪಿಸಿದರು. ರೊಮೆಯ್ನ್ ಗ್ರೋಝಾನ್ ಅವರಲ್ಲೊಬ್ಬರು. 2020ನೆಯ ಇಸವಿ ನವೆಂಬರ್ 29ರಂದು ಬಹರೇನಿನಲ್ಲಿ ಮೊದಲನೆಯ ಸುತ್ತಿನಲ್ಲಿಯೇ ಅವರ ಗಾಡಿ ಉಕ್ಕಿನ ತಡೆಬೇಲಿಗೆ ನುಗ್ಗಿ ಎರಡು ತುಂಡಾಗಿ ಉರಿಯಿತು. ತಲೆಯನ್ನು ಸೀಳಬೇಕಾಗಿದ್ದ ಉಕ್ಕನ್ನು ಆ ವಿಕಾರವಾದ ಕಮಾನು ಬದಿಗೊತ್ತಿ ನಿಂತಿತು. 28 ಸೆಕೆಂಡುಗಳ ಕಾಲ ಬೆಂಕಿಯಲ್ಲಿದ್ದು ಅವರು ಕೈ ಸುಟ್ಟುಕೊಂಡು ನಡೆದು ಹೊರಗೆ ಬಂದರು. ಅದಿಲ್ಲದಿದ್ದರೆ ತಾವು ಮಾತನಾಡಲು ಇರುತ್ತಿರಲಿಲ್ಲವೆಂದು ಆಸ್ಪತ್ರೆಯಿಂದಲೇ ಅವರು ಒಪ್ಪಿಕೊಂಡರು.

ಹೇಲೋವನ್ನು ಹಳಿದವರನ್ನು ಕ್ರೂರರೆಂದು ಕರೆಯಲಾರೆ. ಅವರು ಸಾವನ್ನು ಬಯಸಲಿಲ್ಲ. ಸಾವು ಸಾಧ್ಯವಾಗಿರಬೇಕೆಂದು ಬಯಸಿದರು, ಅಷ್ಟೆ. ಆದರೆ ಈ “ಅಷ್ಟೆ” ಎಂಬಲ್ಲಿಯೇ ನನಗೆ ಮುಳ್ಳು ಕಾಣುವುದು. ಮತ್ತೊಬ್ಬನ ಮೈಗೆ ಒದಗತಕ್ಕ ಅಪಾಯವನ್ನು ನನ್ನ ಆನಂದಕ್ಕೆ ಉಪ್ಪಿನಂತೆ ಬೇಕೆನ್ನುವುದಕ್ಕೆ ನನಗೆ ಅಧಿಕಾರ ಎಲ್ಲಿಂದ ಬಂದಿತು? ಅವನು ತಾನಾಗಿಯೇ ಒಪ್ಪಿದ್ದಾನಲ್ಲ ಎಂದರೆ, ಅವನ ಒಪ್ಪಿಗೆ ಅವನ ಸಾಹಸಕ್ಕೆ ಉತ್ತರವಾಯಿತೇ ಹೊರತು ನನ್ನ ಹಸಿವಿಗೆ ಉತ್ತರವಾಗಲಿಲ್ಲ. ಅಪಾಯ ತಗ್ಗಿದರೆ ಆಟ ಸಪ್ಪೆಯಾಗುವುದೆಂಬ ವಾದವನ್ನಂತೂ ಕಾಲವೇ ಸುಳ್ಳುಮಾಡಿತು. ಹೇಲೋ ಬಂದ ಮೇಲಿನ ವರ್ಷಗಳಲ್ಲಿ ಈ ಪಂದ್ಯಕ್ಕೆ ಜನ ಹೆಚ್ಚಿದರೇ ಹೊರತು ಕಡಮೆಯಾಗಲಿಲ್ಲ. ಉಪ್ಪಿಲ್ಲದೆಯೂ ಊಟ ರುಚಿಸಿತು.

2021ನೆಯ ಇಸವಿ ಆಗಸ್ಟ್ 29ರಂದು ಬೆಲ್ಜಿಯಮಿನ ಸ್ಪಾ ಎಂಬಲ್ಲಿ ಜನರು ಮಳೆಯಲ್ಲಿ ಮೂರು ಗಂಟೆಗೂ ಮಿಕ್ಕು ಕಾದರು. ಕೊನೆಗೆ ಗಾಡಿಗಳು ಸೇಫ್ಟಿ ಕಾರಿನ ಹಿಂದೆ ಮೆರವಣಿಗೆಯಂತೆ ಎರಡು ಮೂರು ಸುತ್ತು ಹೋಗಿ ಬಂದುವು. ಅದನ್ನೇ ಪಂದ್ಯವೆಂದು ಎಣಿಸಿ ಅರ್ಧ ಅಂಕಗಳನ್ನು ಹಂಚಿಬಿಟ್ಟರು. ಜನರಿಗೆ ಸಿಟ್ಟು ಬಂದುದು ಸಹಜ, ನ್ಯಾಯವೂ ಹೌದು. ಆದರೆ ಆಂಟ್ವಾನ್ ಹ್ಯೂಬೆರ್ ಎಂಬ 22 ವರ್ಷದವನು ಎರಡೇ ವರ್ಷಗಳ ಹಿಂದೆ ಅದೇ ಪಥದಲ್ಲಿ ಫಾರ್ಮುಲಾ ಟೂ ಪಂದ್ಯದಲ್ಲಿ ಸತ್ತುದು ಅವರಲ್ಲಿ ಅನೇಕರಿಗೆ ನೆನಪಿದ್ದಿತು. ದುಡ್ಡು ಹೋಯಿತೆಂದು ಗೊಣಗಿದವರಲ್ಲಿಯೂ ಎಷ್ಟೋ ಮಂದಿ, ಆ ಮಳೆಯಲ್ಲಿ ಓಡಿಸದಿದ್ದುದು ಸರಿಯೆಂದೇ ಹೇಳಿದರು. ನೆನೆದ ಮೈಯಲ್ಲಿ ಹೇಳಿದ ಮಾತಿಗೆ ಬೆಲೆ ಹೆಚ್ಚು.

ಜಪಾನಿನ ಸುಝುಕದಲ್ಲಿ 2014ರ ಅಕ್ಟೋಬರ್ 5ರಂದು, ಕೆಟ್ಟುನಿಂತ ಗಾಡಿಯೊಂದನ್ನು ಎತ್ತಲು ಬಂದಿದ್ದ ಕ್ರೇನಿಗೆ ಜೂಲ್ ಬಿಯಾಂಕಿಯ ಗಾಡಿ ಮಳೆಯಲ್ಲಿ ಜಾರಿ ಬಡಿಯಿತು. ಪ್ರಜ್ಞೆ ಮರಳದೆ ಅವನು 2015ರ ಜುಲೈ 17ರಂದು ತೀರಿಕೊಂಡನು. 2022ರ ಅಕ್ಟೋಬರ್ 9ರಂದು ಅದೇ ಸುಝುಕದಲ್ಲಿ, ಅಂತಹುದೇ ಮಳೆಯಲ್ಲಿ, ಗಾಡಿಗಳು ಇನ್ನೂ ಚಲಿಸುತ್ತಿರುವಾಗಲೇ ಮತ್ತೆ ಅಂತಹುದೇ ಯಂತ್ರವನ್ನು ಪಥಕ್ಕಿಳಿಸಿದರು. ಪಿಯೆರ್ ಗ್ಯಾಸ್ಲಿ ನೀರಿನ ತುಂತುರಿನಲ್ಲಿ ಎದುರು ಕಾಣದೆ ಅದರ ಪಕ್ಕದಲ್ಲಿಯೇ ಹಾದುಹೋದನು. ಯಾರಿಗೂ ಏನೂ ಆಗಲಿಲ್ಲ. ಹಿಂದಾಗಿದ್ದರೆ ಅಲ್ಲಿಗೆ ಮುಗಿಯುತ್ತಿದ್ದಿತು. ಆದರೆ ಈ ಸಲ ಸ್ಪರ್ಧಿಗಳೂ, ಬಿಯಾಂಕಿಯ ತಂದೆಯೂ, ಜಗತ್ತಿನ ನಾನಾ ಕಡೆಗಳಲ್ಲಿ ನೋಡುತ್ತಿದ್ದ ಅಭಿಮಾನಿಗಳೂ ಒಟ್ಟಿಗೆ ಕೂಗಿಕೊಂಡರು. ಇದನ್ನು ನಮ್ಮ ಕಣ್ಣಿಗೆ ಹಾಕಬೇಡಿರೆಂದಲ್ಲ, ಇದು ನಡೆಯಲೇ ಕೂಡದೆಂದು. ಆಡಳಿತಸಂಸ್ಥೆಯು ವಿಚಾರಣೆಗೆ ತೊಡಗಬೇಕಾಯಿತು. ಹಿಂದಿರುಗಿ ನೋಡಿದರೆ ಆ ಯಂತ್ರವನ್ನು ಕಳುಹಿಸದೆ ತಡೆದಿರುವುದೇ ವಿವೇಕವಾಗಿರುತ್ತಿದ್ದಿತೆಂದು ಅದೇ ತಿಂಗಳಿನಲ್ಲಿ ಅದು ಬರೆದುಕೊಟ್ಟಿತು.