ಅಡಿಗೆಯಲ್ಲಿ ಸತ್ತ್ವವು ಎಲ್ಲಿದೆ?

ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟೊಡನೆ ಅಡಿಗೆಯು ಸಾತ್ತ್ವಿಕವಾಯಿತೆಂದು ನಮ್ಮಲ್ಲಿ ಅನೇಕರು ನಂಬಿರುವರು. ಲಶುನ, ಪಲಾಂಡು, ನಾಯಿಕೊಡೆಗಳ ನಿಷೇಧವು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿಯೇ ಇದೆ. ಅದನ್ನು ಪಾಲಿಸುವುದು ಯುಕ್ತವೇ. ಆದರೆ ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತ್ರಿವಿಧಾಹಾರಗಳನ್ನು ವಿವರಿಸುವಾಗ ಒಂದು ಕಾಯಿಪಲ್ಯದ ಹೆಸರನ್ನೂ ಎತ್ತಿಲ್ಲ. ಆಯುಸ್ಸು, ಬಲ, ಆರೋಗ್ಯ, ಪ್ರೀತಿಗಳನ್ನು ವರ್ಧಿಸುವ, ರಸಯುಕ್ತವೂ ಸ್ನಿಗ್ಧವೂ ಆದದ್ದು ಸಾತ್ತ್ವಿಕ. ಹುಳಿ, ಉಪ್ಪು, ಖಾರಗಳು ಅತಿಯಾದದ್ದು ರಾಜಸ. ಯಾಮ ಕಳೆದದ್ದು, ರಸಗೆಟ್ಟದ್ದು, ಹಳಸಿದ್ದು, ಎಂಜಲಾದದ್ದು ತಾಮಸ. ಹಾಗಾದರೆ ಬೆಳ್ಳುಳ್ಳಿಯ ಸೋಂಕಿಲ್ಲದಿದ್ದರೂ ಕಣ್ಣಲ್ಲಿ ನೀರು ತರಿಸುವ ಸಾರನ್ನು ಯಾವ ಪಂಕ್ತಿಗೆ ಸೇರಿಸೋಣ? (ಮೆಣಸಿನಕಾಯಿಯು ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದುದು, ಶ್ರಾದ್ಧದ ಅಡಿಗೆಯಲ್ಲಿ ಇಂದಿಗೂ ಕಾಳುಮೆಣಸಿಗೇ ಸ್ಥಾನ.)

ಯಾಮವೆಂದರೆ ಮೂರು ಗಂಟೆಗಳ ಅವಧಿ. ಫ್ರಿಜ್ಜು ಅನ್ನವನ್ನು ಕೆಡದಂತೆ ಕಾಯಬಹುದು, ಯಾಮವನ್ನು ತಡೆಯಲಾರದು. ಆದರೂ ಸ್ನಿಗ್ಧಪದಾರ್ಥವು ತಂಗಳಾದರೂ ಭೋಜ್ಯವೆಂದು ಸ್ಮೃತಿಯು ವಿನಾಯಿತಿ ಕೊಟ್ಟಿದೆ. ಚಕ್ಕುಲಿ, ಉಂಡೆಗಳು ನಮ್ಮ ಡಬ್ಬಿಗಳಲ್ಲಿ ನಿಶ್ಚಿಂತೆಯಿಂದಿರುವುದು ಇದರಿಂದಲೇ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು: ಅಡಿಗೆಯು ಯಾರಿಗಾಗಿ? ತನಗಾಗಿಯೇ ಬೇಯಿಸುವವನು ಪಾಪವನ್ನೇ ಉಣ್ಣುವನೆಂದು ಗೀತೆಯ ಮೂರನೆಯ ಅಧ್ಯಾಯವು ಎಚ್ಚರಿಸುತ್ತದೆ. ನೈವೇದ್ಯಕ್ಕೆ ಮೊದಲು ರುಚಿ ನೋಡಬಾರದೆಂಬ ನಿಯಮದ ಅರ್ಥವೂ ಇದೇ. ಮಡಿಯಲ್ಲಿ ನಿಂತ ಅಡಿಗೆಯವರು ಉಪ್ಪನ್ನು ಕೈಯಂದಾಜಿನಿಂದ ಹಾಕುವರು. ಹೆಚ್ಚುಕಡಿಮೆಯಾಯಿತೇ ಎಂಬುದು ಅವರಿಗೆ ತಿಳಿಯುವುದು ಎಲ್ಲರ ಎಲೆಗೂ ಬಡಿಸಿದ ಮೇಲೆಯೇ. ನಾಲಿಗೆಯನ್ನು ಇಷ್ಟು ಹಿಂದಿರಿಸುವ ಅಡಿಗೆಯ ಶಾಸ್ತ್ರವು ಸುಲಭವಾದುದಲ್ಲ. ವೈಶ್ವದೇವ, ಬಲಿ, ಅತಿಥಿ ಇವುಗಳ ತರುವಾಯವೇ ಗೃಹಸ್ಥನ ಎಲೆ.

ಕೆಲವು ವರ್ಷಗಳ ಹಿಂದೆ, ಒಂದು ಸಾಧನ ದ್ವಾದಶಿಯ ಬೆಳಗಿನ ಜಾವ, ನಮ್ಮ ಮನೆಯಲ್ಲಿ ಪಾರಣೆಯ ಮುಹೂರ್ತವು ಮೀರುವಂತಿತ್ತು. ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ತಂಬುಳಿ, ಹೆಸರುಬೇಳೆಯ ತೊವ್ವೆ ಎಲ್ಲವೂ ವಿಧಿಯಂತೆ ಸಿದ್ಧವಾಗುತ್ತಿದ್ದುವು. ಸೊಸೆಯ ಸೆರಗು ನೀರಿನ ಕೊಡಕ್ಕೆ ತಗುಲಿತೆಂದು ನಾನು ಎರಡು ಮನೆಗೆ ಕೇಳುವಂತೆ ಗದರಿದೆನು. ಆಕೆಯೂ ಹಿಂದಿನ ದಿನ ನನ್ನಂತೆಯೇ ನಿರ್ಜಲೋಪವಾಸವಿದ್ದವಳು. ಏನೂ ಮರುನುಡಿಯದೆ ಹೊಸ ನೀರು ಸೇದಿ ತಂದು ಮತ್ತೆ ಅಕ್ಕಿ ತೊಳೆದಳು. ಪಾರಣೆಯು ಸಕಾಲದಲ್ಲಿಯೇ ಆಯಿತು. ದ್ರವ್ಯದಲ್ಲಿ ದೋಷವಿಲ್ಲ, ಕಾಲದಲ್ಲಿ ಲೋಪವಿಲ್ಲ, ದೇವರಿಗೆ ನಿವೇದನೆಯೂ ಆಗಿತ್ತು.

ಊಟವಾದ ಮೇಲೆ ಆಕೆ ಕೇಳಿದಳು: “ಮಾವಯ್ಯ, ಅಳುತ್ತಾ ಬೇಯಿಸಿದ ಅನ್ನವನ್ನು ಗೀತೆಯಲ್ಲಿ ಯಾವ ಗುಣಕ್ಕೆ ಸೇರಿಸಿದ್ದಾರೆ?”

ಪುಸ್ತಕವನ್ನು ತೆರೆಯುವ ಧೈರ್ಯ ನನಗಾಗಲಿಲ್ಲ. ಮುಂದಿನ ದ್ವಾದಶಿಯಿಂದ ಬಾವಿಯ ನೀರು ಸೇದಿಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.