ಜರಡಿ ಕಾಣದ ಹಿಟ್ಟು



ಕಲ್ಯಾಣ ನಗರದ ಮಸೀದಿಯೊಂದರಲ್ಲಿ ಅಸರ್ ನಮಾಝಿನ ಬಳಿಕ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಹಜ್ರತ್, ಡಾಕ್ಟರು ಮೊಟ್ಟೆ ಬಿಡಿ ಎಂದಿದ್ದರು, ವರ್ಷಗಟ್ಟಲೆ ಬಿಟ್ಟೆ. ಈಗ ತಿನ್ನಬಹುದು ಎನ್ನುತ್ತಾರೆ. ಇವರ ಮಾತನ್ನು ನಂಬುವುದು ಹೇಗೆ? ನಮ್ಮ ದಾದಾ ಕೆ.ಆರ್. ಪುರದ ಹೊಲಗಳಲ್ಲಿ ದುಡಿದು, ರಾಗಿ ಮುದ್ದೆ ತಿಂದು ಗಟ್ಟಿಯಾಗಿ ಬಾಳಿದರು. ನಾನೂ ರಾಗಿ, ಜೇನು, ಖರ್ಜೂರಕ್ಕೆ ಮರಳಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಮೂರು ವಾರವಾಯಿತು."

ಕೊನೆಯ ಮಾತು ಕೇಳಿ ಬೆಚ್ಚಿದೆ. "ಹಾಜಿ ಸಾಹೇಬರೇ, ಇಂದೇ ಡಾಕ್ಟರ ಬಳಿ ಹೋಗಿ. ಉಳಿದದ್ದನ್ನು ಆಮೇಲೆ ಮಾತಾಡೋಣ" ಎಂದೆ.

ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪೋಷಣಾ ಶಾಸ್ತ್ರವು ಮಾನವ ಜ್ಞಾನ. ಅದು ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ. ಒಂದು ಕಾಲದಲ್ಲಿ ತುಪ್ಪದ ಬದಲಿಗೆ ವನಸ್ಪತಿ ಮನೆಮನೆಯ ಅಡುಗೆಯಲ್ಲಿ ಸೇರಿತು. ಎಣ್ಣೆಯನ್ನು ಅರೆಬರೆಯಾಗಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ಆಮೇಲೆ ತಿಳಿಯಿತು. 2022ರಿಂದ ನಮ್ಮ ದೇಶದಲ್ಲಿ ಅದಕ್ಕೆ ಶೇಕಡಾ 2ರ ಮಿತಿಯಿದೆ. ಆಹಾರದ ಕೊಲೆಸ್ಟರಾಲ್ ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಸಂಖ್ಯೆಯನ್ನು ಅಮೆರಿಕದ ಆಹಾರ ಮಾರ್ಗಸೂಚಿಯು 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆದರೆ ತುಪ್ಪ, ಕೊಬ್ಬಿನ ಮಾಂಸಗಳಲ್ಲಿರುವ ಕೊಬ್ಬಿಗೆ ಹಾಕಿದ್ದ ಮಿತಿಯನ್ನು ಅದು ಕೈಬಿಡಲಿಲ್ಲ. ಅರ್ಧ ಸುದ್ದಿ ಕೇಳಿ ತುಪ್ಪದ ಡಬ್ಬಿ ತೆರೆಯುವವರು ಇದನ್ನು ಗಮನಿಸಬೇಕು.

ರಾಗಿಯ ವಿಷಯದಲ್ಲಿ ನಾವು ಅನ್ಯಾಯ ಮಾಡಿದ್ದು ನಿಜ. ಬಿಳಿ ಅನ್ನ, ಮೈದಾ ಪರಾಟ ಅಂತಸ್ತಿನ ಊಟವೆಂದೂ ಮುದ್ದೆ ಬಡವರದೆಂದೂ ಬಗೆದೆವು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯವರಿಗೆ ಅದೇ ರಾಗಿ ಹೊಸದಾಗಿ ರುಚಿಸಿತು!

ಪ್ರವಾದಿವರ್ಯರು(ಸ) ನಯವಾದ ಬಿಳಿ ಹಿಟ್ಟಿನ ರೊಟ್ಟಿ ತಿಂದಿದ್ದರೇ ಎಂದು ಹ. ಸಹ್ಲ್ ಬಿನ್ ಸಅದ್(ರ)ರನ್ನು ಒಮ್ಮೆ ಕೇಳಲಾಯಿತು. ಪ್ರವಾದಿ(ಸ)ಯವರು ಅದನ್ನು ಕಂಡೇ ಇರಲಿಲ್ಲ, ಆಗ ನಮ್ಮಲ್ಲಿ ಜರಡಿಯೂ ಇರಲಿಲ್ಲ, ಜವೆಗೋಧಿಯನ್ನು ಬೀಸಿ ಊದುತ್ತಿದ್ದೆವು, ಹಾರುವ ಹೊಟ್ಟು ಹಾರಿಹೋಗುತ್ತಿತ್ತು, ಉಳಿದುದನ್ನು ನಾದುತ್ತಿದ್ದೆವು ಎಂಬುದು ಅವರ ಉತ್ತರದ ಸಾರ. ಬುಖಾರಿಯಲ್ಲಿ ಇದು ವರದಿಯಾಗಿದೆ. ಆ ಮನೆಯ ಊಟವನ್ನು ನೆನೆದರೆ ಮುದ್ದೆ ತಿನ್ನಲು ನಾಚುವವನಿಗೆ ನಾಚಿಕೆಯಾಗಬೇಕು.

ಇನ್ನು ಉಳಿದ ಅರ್ಧ. ರಾಗಿಯಲ್ಲೂ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಜೇನು, ಖರ್ಜೂರಗಳು ಬರಕತ್ತಿನ ಆಹಾರಗಳು, ಆದರೆ ಅವುಗಳಲ್ಲಿರುವುದೂ ಸಕ್ಕರೆಯೇ. ದಾದಾ ಉಂಡ ಮುದ್ದೆಯ ಹಿಂದೆ ದಿನವಿಡೀ ನೇಗಿಲು ಹಿಡಿದ ಮೈಯಿತ್ತು. ಅವರ ತಟ್ಟೆಯನ್ನು ಮಾತ್ರ ಅನುಸರಿಸಿ ಬೆವರನ್ನು ಬಿಟ್ಟರೆ ಅದು ಪರಂಪರೆಯಾಗುವುದೇ? ಅಂದು ಮುದ್ದೆ ತಿಂದೂ ಅಕಾಲದಲ್ಲಿ ತೀರಿಕೊಂಡವರನ್ನು ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಮದೀನಾದವರು ಖರ್ಜೂರದ ಮರಗಳಿಗೆ ಪರಾಗ ಕಟ್ಟುವುದನ್ನು ಕಂಡು, ಇದರಿಂದ ಪ್ರಯೋಜನವಾಗದೆಂಬ ಅನಿಸಿಕೆಯನ್ನು ಪ್ರವಾದಿ(ಸ)ಯವರು ವ್ಯಕ್ತಪಡಿಸಿದರು. ಜನರು ಬಿಟ್ಟುಬಿಟ್ಟರು, ಫಸಲು ಕುಸಿಯಿತು. ಆಗ ಅವರು, ನಿಮ್ಮ ಲೌಕಿಕ ಕಾರ್ಯಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬ ಅರ್ಥದ ಮಾತು ಹೇಳಿದರು. ಮುಸ್ಲಿಮ್ ಗ್ರಂಥದಲ್ಲಿ ಈ ಘಟನೆಯಿದೆ. ಅನುಭವ, ಪರೀಕ್ಷೆಗಳಿಂದ ತಿಳಿಯಬೇಕಾದುದನ್ನು ಹಾಗೆಯೇ ತಿಳಿಯಬೇಕೆಂಬ ಪಾಠವಿದು. ಹಾಗಿರುವಾಗ ಡಾಕ್ಟರ ಪಟ್ಟಿಯನ್ನಾಗಲಿ ಅಜ್ಜನ ತಟ್ಟೆಯನ್ನಾಗಲಿ ದೀನ್ ಆಗಿಸುವುದು ಸರಿಯಲ್ಲ. ಪ್ರಶ್ನಿಸೋಣ, ಎರಡನ್ನೂ ಪ್ರಶ್ನಿಸೋಣ. ಡಾಕ್ಟರ ಎದುರು ಕುಳಿತೇ ಪ್ರಶ್ನಿಸೋಣ, ಅವರಿಗೆ ತಿಳಿಯದಂತೆ ಮಾತ್ರೆ ಬಿಟ್ಟಲ್ಲ. ಚಿಕಿತ್ಸೆ ಪಡೆಯಿರೆಂದು ಕಲಿಸಿದವರು ಪ್ರವಾದಿ(ಸ)ಯವರೇ. ದೇಹವು ಅಲ್ಲಾಹನ ಅಮಾನತ್ತು.

ಬದಲಾಗದ ಪಾಠವು ಕುರ್‌ಆನಿನಲ್ಲಿದೆ. ಆಹಾರವು ಹಲಾಲ್ ಆಗಿರಲಿ, ಶುದ್ಧವಾಗಿರಲಿ (2:168), ಉಣ್ಣುವಾಗ ಮಿತಿ ಮೀರದಿರಲಿ (7:31). ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ ಬೋಧನೆ ತಿರ್ಮಿದಿಯಲ್ಲಿದೆ. ಆದರೆ ದಿನವಿಡೀ ಉಪವಾಸವಿದ್ದು, ರಮಝಾನಿನ ಸಂಜೆ ಶಿವಾಜಿನಗರದ ಬೀದಿಯಲ್ಲಿ ಕರಿದ ತಿಂಡಿಗಳಿಂದ ಮೂರೂ ಭಾಗ ತುಂಬಿಸುವ ನಾವು, ಪೋಷಣಾ ಶಾಸ್ತ್ರವನ್ನು ದೂರುವ ಮೊದಲು ನಮ್ಮ ನಫ್ಸನ್ನು ವಿಚಾರಿಸಬೇಡವೇ?

ಮುಂದಿನ ಜುಮಾದಂದು ಆ ಹಿರಿಯರು ಬಂದರು. ಸಕ್ಕರೆ ಬಹಳ ಏರಿತ್ತಂತೆ. ಮಾತ್ರೆ ಮತ್ತೆ ಆರಂಭವಾಗಿದೆ. "ಡಾಕ್ಟರು ಮುದ್ದೆ ಬೇಡವೆನ್ನಲಿಲ್ಲ ಹಜ್ರತ್, ಒಂದೇ ಸಾಕು, ಚಿಕ್ಕದಿರಲಿ, ಸೊಪ್ಪು ಹೆಚ್ಚಿರಲಿ ಎಂದರು" ಎಂದು ನಕ್ಕರು.

ಅಲ್ಲಾಹನು ನಮಗೆ ಶುದ್ಧ ಆಹಾರವನ್ನೂ ಅದನ್ನು ಮಿತವಾಗಿ ಉಣ್ಣುವ ವಿವೇಕವನ್ನೂ ಕರುಣಿಸಲಿ. ಆಮೀನ್.