ಜೀವಕೋಶದ ಸ್ವಧರ್ಮ

ಬೆನ್ನುಹುರಿಯಿಂದ ಪಾದದವರೆಗೂ ತಂತುವನ್ನು ಚಾಚುವ ನರಕೋಶ, ಸಂಕೋಚವನ್ನೇ ವೃತ್ತಿಯಾಗಿಸಿಕೊಂಡ ಸ್ನಾಯುಕೋಶ, ಪ್ರಾಣವಾಯುವನ್ನು ಹೊತ್ತು ಸುಮಾರು 120 ದಿನ ಸಂಚರಿಸಿ ಅಳಿಯುವ ರಕ್ತದ ಕೆಂಪುಕಣ, ರೂಪದಲ್ಲಾಗಲಿ ಕರ್ಮದಲ್ಲಾಗಲಿ ಪರಸ್ಪರ ಸಾದೃಶ್ಯವಿಲ್ಲದ ಇವೆಲ್ಲವೂ ಫಲಿತಗೊಂಡ ಒಂದೇ ಅಂಡದ ಸಂತತಿಯೆಂದು ನಾವು ಓದಿ ಒಪ್ಪಿಬಿಡುತ್ತೇವೆಯೇ ಹೊರತು, ಆ ಮಾತಿನೊಳಗಿರುವ ಪ್ರಶ್ನೆಯ ಗಾಂಭೀರ್ಯವನ್ನು ಪ್ರಾಯಶಃ ಗಮನಿಸುವುದಿಲ್ಲ. ಒಂದೇ ಮೂಲದಿಂದ ಈ ನಾನಾತ್ವ ಹುಟ್ಟಿದುದೆಂತು? ಪ್ರತಿಯೊಂದು ಕೋಶಕ್ಕೂ ಅದರ ಸ್ವಧರ್ಮವನ್ನು ಗೊತ್ತುಮಾಡಿದುದು ಯಾವುದು?

ನಮ್ಮ ದರ್ಶನಕಾರರಿಗೆ ಈ ಪ್ರಶ್ನೆಯ ತಾತ್ತ್ವಿಕ ಮುಖ ಅಪರಿಚಿತವಾಗಿರಲಿಲ್ಲ. ಎಳ್ಳಿನಲ್ಲಿ ಎಣ್ಣೆಯಿರುವಂತೆ ಕಾರ್ಯವು ಕಾರಣದಲ್ಲಿ ಮೊದಲೇ ಇದ್ದು ಅನಂತರ ಅಭಿವ್ಯಕ್ತವಾಗುತ್ತದೆಂದು ಸಾಂಖ್ಯರು ಹೇಳಿದರೆ, ಕಾರ್ಯವು ಹಿಂದಿಲ್ಲದ ನೂತನ ಉತ್ಪತ್ತಿಯೆಂದು ನೈಯಾಯಿಕರು ವಾದಿಸಿದರು. ಯೂರೋಪಿನ ಭ್ರೂಣಶಾಸ್ತ್ರವೂ ತನ್ನದೇ ದಾರಿಯಿಂದ ಬಂದು ಇಂಥದೇ ಕವಲಿನಲ್ಲಿ ನಿಂತಿತು: ಅವಯವಗಳೆಲ್ಲ ಬೀಜದಲ್ಲಿ ಸೂಕ್ಷ್ಮರೂಪದಿಂದ ಅಡಗಿವೆಯೆಂಬುದು ಒಂದು ಪಕ್ಷ, ಅವು ಕ್ರಮಕ್ರಮವಾಗಿ ಹೊಸದಾಗಿ ರಚಿತವಾಗುತ್ತವೆಂದು 1759ರಲ್ಲಿ ಕಾಸ್ಪರ್ ಫ್ರೀಡ್ರಿಕ್ ವೋಲ್ಫ್ ಪ್ರತಿಪಾದಿಸಿದುದು ಇನ್ನೊಂದು.

ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಆಗಸ್ಟ್ ವೈಸ್‌ಮನ್ ಮೊದಲನೆಯ ಪಕ್ಷಕ್ಕೆ ಹೊಸ ಬಲವನ್ನು ತಂದುಕೊಟ್ಟನು. ಅಂಡವು ವಿಭಜಿಸಿದಂತೆಲ್ಲ ಆನುವಂಶಿಕ ಸಂಪತ್ತು ಪಾಲಾಗುತ್ತ ಹೋಗಿ, ಕಟ್ಟಕಡೆಗೆ ಒಂದೊಂದು ಕೋಶಕ್ಕೂ ಅದರ ವೃತ್ತಿಗೆ ಬೇಕಾದ ಅಂಶ ಮಾತ್ರ ಉಳಿಯುವುದೆಂಬುದು ಅವನ ಮತ. 1888ರಲ್ಲಿ ವಿಲ್‌ಹೆಲ್ಮ್ ರೂ ಕಪ್ಪೆಯ ಭ್ರೂಣದ ಎರಡು ಕೋಶಗಳಲ್ಲೊಂದನ್ನು ಕಾದ ಸೂಜಿಯಿಂದ ಕೊಂದಾಗ ಉಳಿದುದು ಅರ್ಧ ಭ್ರೂಣವಾಗಿಯೇ ಬೆಳೆದು, ಆ ಮತ ಸಿದ್ಧವಾದಂತೆಯೇ ತೋರಿತು. ಆದರೆ 1891ರಲ್ಲಿ ಹ್ಯಾನ್ಸ್ ಡ್ರೀಷ್ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶಗಳನ್ನು ಅಲುಗಿಸಿ ಬೇರ್ಪಡಿಸಿದಾಗ, ಒಂದೊಂದೂ ಗಾತ್ರದಲ್ಲಿ ಚಿಕ್ಕದಾದರೂ ಅಂಗದಲ್ಲಿ ಊನವಿಲ್ಲದ ಮರಿಯಾಗಬಲ್ಲುದೆಂಬುದು ಕಂಡುಬಂದಿತು. ರೂನ ಪ್ರಯೋಗದಲ್ಲಿ ಮೃತಕೋಶವು ಅಂಟಿಕೊಂಡೇ ಉಳಿದಿತ್ತೆಂಬುದನ್ನು ನೆನೆದರೆ, ಎರಡರ ವಿರೋಧವೂ ಪರಿಹಾರವಾಗುತ್ತದೆ: ಸತ್ತ ನೆರೆಯ ಸಂಸರ್ಗವೂ ಬದುಕಿದ ಕೋಶದ ಗತಿಯನ್ನು ನಿಯಮಿಸಬಲ್ಲುದು.

ಸಂಸರ್ಗದ ಈ ಮಹಿಮೆಯನ್ನು ನಿಸ್ಸಂದಿಗ್ಧವಾಗಿ ತೋರಿಸಿಕೊಟ್ಟವರು ಹ್ಯಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್. ನ್ಯೂಟ್ ಎಂಬ ಉಭಯಚರದ ಭ್ರೂಣವೊಂದರ ಸಣ್ಣ ತುಣುಕನ್ನು ಬಣ್ಣದಲ್ಲಿ ಭಿನ್ನವಾದ ಬೇರೊಂದು ಜಾತಿಯ ನ್ಯೂಟಿನ ಭ್ರೂಣಕ್ಕೆ ಕಸಿಮಾಡಿದಾಗ ಅಲ್ಲಿ ಎರಡನೆಯ ಶರೀರಾಕ್ಷವೇ ಮೂಡಿತೆಂದು 1924ರಲ್ಲಿ ಅವರು ಪ್ರಕಟಿಸಿದರು. ಆ ಹೊಸ ನರವ್ಯೂಹದ ಬಹುಭಾಗ ಕಸಿಯ ಕೋಶಗಳಿಂದಲ್ಲದೆ, ಚರ್ಮವಾಗಬೇಕಾಗಿದ್ದ ಆತಿಥೇಯ ಕೋಶಗಳಿಂದಲೇ ಆಗಿದ್ದಿತು. ಚರ್ಮವೆನಿಸಲಿದ್ದುದನ್ನು ನೆರೆಯ ಪ್ರಚೋದನೆಯು ನರವಾಗಿಸಿತು.

ಹೀಗೆ ರೂಪವನ್ನು ಪಡೆದ ಕೋಶವು ಉಳಿದ ಸಾಧ್ಯತೆಗಳನ್ನು ಕಳೆದುಕೊಳ್ಳುವುದೇ? 1962ರಲ್ಲಿ ಜಾನ್ ಗರ್ಡನ್ ಝೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಗೊದಮೊಟ್ಟೆಯ ಕರುಳಕೋಶದಿಂದ ನ್ಯೂಕ್ಲಿಯಸನ್ನು ತೆಗೆದು, ಸ್ವಂತ ನ್ಯೂಕ್ಲಿಯಸ್ ನಾಶವಾದ ಅಂಡದಲ್ಲಿರಿಸಿ, ಕೆಲವು ಅಂಡಗಳು ಪೂರ್ಣ ಗೊದಮೊಟ್ಟೆಗಳಾದುದನ್ನು ತೋರಿಸಿದನು. ಕರುಳಾಗಿ ನಿಂತ ಕೋಶದಲ್ಲಿಯೂ ಕಣ್ಣು, ಹೃದಯ, ಮೆದುಳುಗಳ ವಿಧಾನವು ಅಳಿಯದೆ ಇದ್ದಿತು, ಅದು ಮೌನವಾಗಿದ್ದಿತಷ್ಟೆ. ಆದುದರಿಂದ ಕೋಶದ ವೈಶಿಷ್ಟ್ಯವೆಂಬುದು ಸಂಪತ್ತಿನ ನಷ್ಟವಲ್ಲ, ಸಂಪತ್ತಿನ ಸಂಯಮ. ಯಾವ ಜೀನುಗಳು ನುಡಿಯಬೇಕು, ಯಾವುವು ಸುಮ್ಮನಿರಬೇಕೆಂಬ ನಿಯಮನವೇ ಅದರ ರೂಪ.

ಈ ಸಂಯಮವು ಒಮ್ಮೆ ದೀಕ್ಷೆಯಾಗಿ ಮುಗಿಯುವಂಥದಲ್ಲ, ಅನುಕ್ಷಣವೂ ನಡೆಯಬೇಕಾದ ಅನುಷ್ಠಾನವೆಂಬುದೇ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಪ್ಯಾಕ್ಸ್5 ಎಂಬ ಒಂದೇ ನಿಯಂತ್ರಕ ಪ್ರೋಟೀನನ್ನು ಇಲಿಯ ಪಕ್ವವಾದ ಬಿ-ಲಿಂಫೋಸೈಟಿನಿಂದ ಇಲ್ಲವಾಗಿಸಿದರೆ, ಆ ಕೋಶವು ತನ್ನ ಪದವಿಯಿಂದ ಹಿಂದಿರುಗಿ ಬೇರೊಂದು ಬಗೆಯ ರಕ್ತಕೋಶವಾಗಬಲ್ಲುದೆಂಬುದು 2007ರಲ್ಲಿ ತಿಳಿದುಬಂದಿತು. ಅದಕ್ಕೆ ಒಂದು ವರ್ಷ ಮುಂಚೆ ಶಿನ್ಯಾ ಯಮನಾಕ ಮತ್ತು ಅವರ ಸಹೋದ್ಯೋಗಿ ನಾಲ್ಕೇ ಜೀನುಗಳ ಪ್ರೇರಣೆಯಿಂದ ಇಲಿಯ ಸಂಯೋಜಕ ಅಂಗಾಂಶದ ಕೋಶವನ್ನು ಭ್ರೂಣಕೋಶದಂಥ ಬಹುಮುಖಿ ಸ್ಥಿತಿಗೆ ಮರಳಿಸಿದ್ದರು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅಸಿಡಿಯನ್ ಎಂಬ ಕಡಲಜೀವಿಯಲ್ಲಿ ಅಂಡದ ಹಳದಿ ದ್ರವ್ಯ ಯಾವ ಕೋಶಗಳ ಪಾಲಿಗೆ ಬರುವುದೋ ಅವೇ ಬಾಲದ ಸ್ನಾಯುಗಳಾಗುವುದನ್ನು 1905ರಲ್ಲಿ ಎಡ್ವಿನ್ ಕಾಂಕ್ಲಿನ್ ಕಂಡನು. ಇಲ್ಲಿ ನೆರೆಗಿಂತ ಜನ್ಮವೇ ಬಲವತ್ತರ. ನಮ್ಮ ರಕ್ತದ ಕೆಂಪುಕಣವೋ ಪಕ್ವವಾಗುವ ಮುನ್ನ ನ್ಯೂಕ್ಲಿಯಸನ್ನೇ ಹೊರಹಾಕುವುದರಿಂದ ಅದಕ್ಕೆ ಪುನರಾವೃತ್ತಿಯಿಲ್ಲ. ಈ ದೃಷ್ಟಾಂತಗಳನ್ನು ಮರೆಮಾಚಬೇಕಾದುದಿಲ್ಲ. ಮೊದಲನೆಯದರಲ್ಲಿಯೂ ಪಾಲಾದುದು ಅಂಡದ್ರವ್ಯವೇ ವಿನಾ ನ್ಯೂಕ್ಲಿಯಸಿನ ಸಂಪತ್ತಲ್ಲ. ಎರಡನೆಯದು, ಸಂಯಮವು ಕೆಲವೆಡೆ ಪೂರ್ಣ ಸಂನ್ಯಾಸದವರೆಗೂ ಹೋಗಬಲ್ಲುದೆಂಬುದಕ್ಕೆ ಸಾಕ್ಷಿ.

ಆಗ ಸಾಂಖ್ಯ ನೈಯಾಯಿಕರ ವಿವಾದದಲ್ಲಿ ನಿರ್ಣಯವೇನು? ಸಾಮರ್ಥ್ಯದ ಮಟ್ಟಿಗೆ ಸಾಂಖ್ಯರ ಮಾತು ದಿಟ: ಸಕಲ ವಿಧಾನವೂ ಮೊದಲಿಂದಲೇ ಇದೆ. ರೂಪದ ಮಟ್ಟಿಗೆ ನೈಯಾಯಿಕರ ಮಾತು ದಿಟ: ನರವಾಗಲಿ ಸ್ನಾಯುವಾಗಲಿ ಅಂಡದಲ್ಲಿರಲಿಲ್ಲ, ಪರಂಪರೆ, ಸ್ಥಾನ, ನೆರೆಹೊರೆಗಳ ಸಂವಾದದಿಂದ ಅದು ಉತ್ಪನ್ನವಾಯಿತು. ಸ್ವಧರ್ಮವೆಂದರೆ ಜನ್ಮದೊಡನೆ ಕೆತ್ತಿಬಂದ ಶಾಸನವೆಂದು ತಿಳಿಯುವವರು ಶರೀರವನ್ನು ಉಪಮಾನವಾಗಿ ತರುವುದುಂಟು. ಶರೀರವಾದರೋ ಅವರ ಪರವಾಗಿ ನುಡಿಯುವುದಿಲ್ಲ. ಅಲ್ಲಿ ಪ್ರತಿಯೊಂದು ಕೋಶವೂ ಸರ್ವವನ್ನು ಧರಿಸಿ ಹುಟ್ಟುತ್ತದೆ, ಇತರರ ನಡುವೆ ನಿಂತು ತಾನೇನೆಂಬುದನ್ನು ಪಡೆಯುತ್ತದೆ, ಪಡೆದುದನ್ನು ಬಹುಮಟ್ಟಿಗೆ ಪ್ರತಿಕ್ಷಣದ ನಿಯಮನದಿಂದಲೇ ಉಳಿಸಿಕೊಳ್ಳುತ್ತದೆ.